ಯಾವ ನೀರು

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗೌರೀಶ ಬೈಯಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕೂತ ಹೊತ್ತಿನಲ್ಲಿ, ರೊಟ್ಟಿ ಮುರಿಯುತ್ತ, ಮುಖದ ತುಂಬ ನಗೆ ಇಟ್ಟುಕೊಂಡು, "ಇರಲಿ ಬಿಡ್ರಿ ಸರ, ಮಳ್ಯಾಗ ಹೊಡದ ಮ್ಯಾಲ ಗಾಡಿ ಹಂಗಽ ಮಾಡ್ತೈತಿ" ಅಂದುಬಿಟ್ಟ. ಅಂದದ್ದು ಸೋಮವಾರ. ಇವತ್ತು ರವಿವಾರ. ಆ ಮಾತು ಹುಲಿಗೇಶನ ಗಂಟಲಿನಿಂದ ಇನ್ನೂ ಕೆಳಗಿಳಿದಿರಲಿಲ್ಲ. ಕುಂದಗೋಳ ಬಿಟ್ಟ ಬಸ್ಸು ಕುಬಿಹಾಳದ ಕಡೆ ಓಲಾಡುತ್ತ ಹೊರಟಿತ್ತು. ಕಿಟಕಿಯಾಚೆ ಎರೆಹೊಲಗಳು ನೀರು ಕುಡಿದು ಕಪ್ಪಗೆ ಉಬ್ಬಿ ಕೂತಿದ್ದವು. ಸರಿಯಾಗಿ ಹೆಸರುಕಾಳು ಬಿಡಿಸುವ ಹೊತ್ತಿಗೇ ಹಿಡಿದ ಮಳೆ ಆಗೊಮ್ಮೆ ಈಗೊಮ್ಮೆ ಬಂದು ರೈತರ ಹೊಟ್ಟೆ ಉರಿಸುತ್ತಿತ್ತು. ಅವನ ತೊಡೆಯ ಮೇಲಿನ ಚೀಲದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ, ಪ್ಲಗ್ ಬಿಚ್ಚುವ ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಹರಕು ಬನಿಯನ್ನು ಇದ್ದವು. ಹೈಸ್ಕೂಲಿನ ವಿಜ್ಞಾನದ ಮಾಸ್ತರ ರಜೆಯ ದಿನ ಪಾನಾ ಹಿಡಿದುಕೊಂಡು, ಯಾರೂ ಕರೆಯದೆ, ಇನ್ನೊಬ್ಬ ಮಾಸ್ತರನ ಮನೆಗೆ ಗಾಡಿ ಬಿಚ್ಚಲು ಹೋಗುವುದು ನಗೆಪಾಟಲಿನ ಸಂಗತಿ ಎಂದು ಅವನಿಗೆ ಗೊತ್ತಿತ್ತು. ಮುಂಜಾನೆ ಹೆಂಡತಿ ಮಲ್ಲಿಕಾ ಅದನ್ನೇ ಅಂದಿದ್ದಳು: "ಅವ್ರಽ ಇರಲಿ ಅಂದಾರ, ನಿಮಗೇನ್ರಿ ಉರಿ?" ಉರಿ ಇರುವುದು ಆ 'ಇರಲಿ'ಯಲ್ಲೇ ಎಂದು ಅವಳಿಗೆ ಹೇಗೆ ಹೇಳುವುದು? ತಪ್ಪು ಮಾಡಿದವನಿಗಲ್ಲವೆ ಹಾಗೆ ಅನ್ನುವುದು? ಮಾಡದ ತಪ್ಪನ್ನು ಹತ್ತು ಜನರೆದುರು ಕ್ಷಮಿಸಿಬಿಟ್ಟರೆ, ಕ್ಷಮಿಸಿದವನು ದೊಡ್ಡವನಾಗುತ್ತಾನೆ, ತಪ್ಪು ಮಾತ್ರ ಇವನ ಹೆಸರಿಗೆ ಗಟ್ಟಿಯಾಗಿ ಉಳಿಯುತ್ತದೆ. ಚೀಲವನ್ನು ಅವನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಹಿಂದಿನ ವಾರದ ಶುಕ್ರವಾರ ಸಂಜೆ ಬಸ್ಸು ಬರಲೇ ಇಲ್ಲ. ಕುಬಿಹಾಳದ ಶಾಲೆಯ ಪಡಸಾಲೆಯಲ್ಲಿ ನಿಂತು ಮಳೆ ನೋಡುತ್ತಿದ್ದವನ ಕೈಗೆ ಗೌರೀಶ ತನ್ನ ಬೈಕಿನ ಕೀಲಿ ತುರುಕಿದ್ದ. "ತಗೊಂಡು ಹೋಗ್ರಿ ಸರ, ನಿಮ್ಮದಽ ಗಾಡಿ ಅಂತ ತಿಳೀರಿ. ನನ್ನ ಮನಿ ಇಲ್ಲೇ ಐತಿ, ಛತ್ರಿ ಹಿಡಕೊಂಡು ನಡಕೋತ ಹೋಗ್ತೀನಿ." ಎಷ್ಟು ಹಿಗ್ಗಿದ್ದೆ ಆ ಮಾತಿಗೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಮಳೆಯಲ್ಲಿ ದಾರಿ ಉದ್ದಕ್ಕೂ ಗಾಡಿ ಒಂದು ಸಲವಾದರೂ ತಡವರಿಸಿದ್ದರೆ ಕೇಳಿ. ಹುಲಿಗೇಶನಿಗೆ ಗಾಡಿ ಕಲಿಸಿದವನು ಲೈನ್‌ಮ್ಯಾನ್ ಬಸಣ್ಣ ಕಾಕಾ. ಕಣ್ಣಿಗಿಂತ ಮೊದಲು ಕಿವಿ ಕೊಟ್ಟು ಹೊಡಿಬೇಕಲೇ ಎಂದು ಬೆನ್ನ ಮೇಲೆ ಗುದ್ದಿ ಕಲಿಸಿದವನು. ಹಾಗಾಗಿ ಇಂಜಿನ್ನಿನ ಸದ್ದನ್ನು ಅವನು ಕೇಳದೆ ಬಿಡುವವನಲ್ಲ. ಆ ಸಂಜೆ ಅದು ಒಂದೇ ದನಿಯಲ್ಲಿ ಓಡಿತ್ತು, ಮಳೆಗೆ ಸೊಪ್ಪು ಹಾಕದೆ. ಮನೆಗೆ ಬಂದು ಪಡಸಾಲೆಯೊಳಗೇ ನಿಲ್ಲಿಸಿದ. ತಾಯಿ ಫಕೀರವ್ವ ತನ್ನ ಹಳೆಯ ಸೀರೆಯ ತುಂಡು ತಂದುಕೊಟ್ಟು, "ಮಂದೀ ಗಾಡಿಪಾ, ಚಂದಾಗಿ ಒರಸಿ ಕೊಡು, ನಾಳೆ ಒಂದು ಮಾತು ಬರಬಾರ್ದು" ಅಂದಿದ್ದಳು. ಗಾಲಿಯ ಕಡ್ಡಿಗಳ ಸಂದಿಯ ಎರೆಮಣ್ಣನ್ನೂ ಬಿಡದೆ ಒರೆಸಿದ್ದ. ಮರುದಿನ ಮುಂಜಾನೆ ಶಾಲೆಗೆ ಹೋಗುವ ಮೊದಲು ಗೌರೀಶನ ಮನೆ ಮುಂದೆ ನಿಲ್ಲಿಸಿದಾಗಲೂ ಗಾಡಿ ಬೆಕ್ಕು ಗುರುಗುಟ್ಟಿದ ಹಾಗೆ ಮೆತ್ತಗೆ ಓಡುತ್ತಿತ್ತು. ಗೌರೀಶ ಸ್ನಾನಕ್ಕೆ ಹೋಗಿದ್ದ. ಅವನ ತಾಯಿ ರೇವವ್ವ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಕೀಲಿ ಕೊಡಲು ಹೋದರೆ, "ಅಲ್ಲೇ ಕಟ್ಟಿ ಮ್ಯಾಲ ಇಡಪಾ ತಮ್ಮಾ, ನನ್ನ ಕೈ ಹಸಿ ಅದಾವ" ಅಂದಳು. ಅವನು ಇಟ್ಟು ಬಂದ.

ಸೋಮವಾರ ಸ್ಟಾಫ್ ರೂಮಿನಲ್ಲಿ ಮಾತು ಎತ್ತಿದವರು ಹೆಡ್ ಮಾಸ್ತರ ಶಂಭುಲಿಂಗಪ್ಪ. "ಏನ್ರಿ ಗೌರೀಶ, ಇವತ್ತ ನಡಕೋತ ಬಂದೀರಿ?" ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದ ಗೌರೀಶ, ಮುಂಜಾನೆ ಚಾಲೂ ಆಗುವುದಿಲ್ಲ, ಚಾಲೂ ಆದರೂ ಕೆಮ್ಮುತ್ತದೆ, ರೇಸ್ ಮಾಡಿದರೆ ಸೈಲೆನ್ಸರಿನಲ್ಲಿ ಫಟ್ ಎನ್ನುತ್ತದೆ. ಯಾವಾಗಿನಿಂದ? ಶನಿವಾರದಿಂದ. ಶನಿವಾರ ಎಂದ ಕೂಡಲೆ ಎಲ್ಲರ ಕಣ್ಣು ಹುಲಿಗೇಶನ ಕಡೆ ಹೊರಳಿದವು, ನಾಚಿಕೆಯಿಲ್ಲದೆ. "ಹಳ್ಳದಾಗ ಇಳಿಸಿದ್ರೇನ್ರಿ ಮಾಸ್ತರ?" ಎಂದರು ಶಂಭುಲಿಂಗಪ್ಪ. ಇಲ್ರಿ ಸರ, ಎಂದ ಹುಲಿಗೇಶ. "ನೀರು ಹೊಕ್ಕಾವ ಬಿಡ್ರಿ ಅದಕ್ಕ. ರೂಢಿ ಇಲ್ಲದವ್ರ ಕೈಗೆ ಗಾಡಿ ಕೊಟ್ರ ಹಿಂಗಽ," ಎಂದರು ಹೆಡ್ ಮಾಸ್ತರ. ರೂಢಿ ಇಲ್ಲದವರು! ಯಾವುದರ ರೂಢಿ? ಹುಲಿಗೇಶ ಕೇರಿಯಿಂದ ಬಂದವನು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಸಂಗತಿ. ಆಡದೆ ಇದ್ದದ್ದು ಇಂಥ ಮಾತುಗಳ ಒಳಗೆ ಸೇರಿಕೊಂಡು ಬರುತ್ತದೆ, ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ನಾನು ಕೊಡುವಾಗ ಗಾಡಿ ಅಗದಿ ಚಲೋ ಇತ್ತು ಎಂದು ಅವನು ದನಿ ಏರಿಸಿದ. ಆಗಲೇ ಗೌರೀಶ ನಗುತ್ತ 'ಇರಲಿ ಬಿಡ್ರಿ ಸರ' ಅಂದದ್ದು. ಅಂದು, ಹುಲಿಗೇಶನ ಡಬ್ಬಿಗೆ ಕೈ ಹಾಕಿ ಪುಂಡಿಪಲ್ಲೆ ತೆಗೆದುಕೊಂಡು ತಿಂದ. ಎಲ್ಲರೆದುರು ಹಾಗೆ ತಿನ್ನುವವನು ಆ ಶಾಲೆಯಲ್ಲಿ ಅವನೊಬ್ಬನೇ. ಆ ಪುಂಡಿಪಲ್ಲೆಯೊಂದಿಗೆ ವಾದವೂ ಮುಗಿದುಹೋಯಿತು, ಉಳಿದವರು ಮಜ್ಜಿಗೆ ಕುಡಿಯತೊಡಗಿದರು.

ಮನಸ್ಸು ಎಂಥ ಹಲ್ಕಾ ಎಂದರೆ, ಹತ್ತು ಜನ ನಿನ್ನದೇ ತಪ್ಪು ಎಂದರೆ ಅದೂ ಹೌದೆನ್ನಲು ಶುರುಮಾಡುತ್ತದೆ. ಕುಬಿಹಾಳದ ತಿರುವಿನಲ್ಲಿ ಒಂದು ಕೆಸರುಗುಂಡಿ ಇತ್ತಲ್ಲ, ಅಲ್ಲಿ ನೀರು ಸಿಡಿದಿತ್ತಲ್ಲ ಎಂದು ಮಂಗಳವಾರ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತಿದ್ದ. ಬುಧವಾರ ಬಿಸಿಲು ಬಿದ್ದು ಗಾಡಿ ಸ್ವಲ್ಪ ಸರಿಯಾಗಿ, ಸಂಜೆ ಗೌರೀಶ ಅವನನ್ನು ಬಸ್ ಸ್ಟ್ಯಾಂಡಿನವರೆಗೆ ಕೂರಿಸಿಕೊಂಡು ಹೋದ. ಹಿಂದೆ ಕೂತವನ ಮೂಗಿಗೆ ಒಂದು ವಾಸನೆ ಬಡಿಯಿತು. ದನದ ಕೊಟ್ಟಿಗೆಯ ವಾಸನೆ, ಕಾದದ್ದು, ಸುಟ್ಟದ್ದು. ದಾರಿಯಲ್ಲಿ ದನಗಳಿರಲಿಲ್ಲ. ಹುಲಿಗೇಶ ತನಗೇ ತಿಳಿಯದಂತೆ ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು ನೋಡಿದ. ಚಿಕ್ಕವನಿದ್ದಾಗ ಶಾಲೆಯಲ್ಲಿ ಬಾಜೂ ಕೂತ ಹುಡುಗ ಮೂಗು ಮುಚ್ಚಿಕೊಂಡದ್ದಕ್ಕೆ ಮನೆಗೆ ಬಂದು ಕಲ್ಲಿನಿಂದ ಮೈ ಕೆಂಪಾಗುವಂತೆ ತಿಕ್ಕಿಕೊಂಡಿದ್ದ. ಫಕೀರವ್ವ ಕಲ್ಲು ಕಸಿದುಕೊಂಡು ಬೈದಿದ್ದಳು. ಈಗ ಇಷ್ಟು ಓದಿ, ಇಷ್ಟು ವರ್ಷ ಪಾಠ ಹೇಳಿ, ಗೆಳೆಯನ ಗಾಡಿಯ ಮೇಲೆ ಕೂತು ತನ್ನ ಅಂಗಿಯನ್ನು ತಾನೇ ಮೂಸಿ ನೋಡಬೇಕೆ? ಆ ಸಂಜೆ ಮನೆಗೆ ಹೋಗಿ ಅವನು ಸೋಪು ಹಚ್ಚಿ ಸ್ನಾನ ಮಾಡಿದ. ಮಾಡಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಇವತ್ತು ಬಸ್ಸಿಳಿದು ಗೌರೀಶನ ಮನೆಗೆ ಹೋದಾಗ ಗಾಡಿ ಅಂಗಳದಲ್ಲಿ ಬೇವಿನ ಗಿಡದ ಕೆಳಗಿತ್ತು. ರೇವವ್ವ ಕಟ್ಟೆಯ ಮೇಲಿದ್ದಳು, ಅದೇ ಜಾಗ. "ಬಾರಪಾ ತಮ್ಮಾ, ಅವ್ವ ಅರಾಮ ಅದಾಳೇನು? ಮಕ್ಕಳು?" ಎಂದು ಬಾಯಿ ತುಂಬ ಕೇಳಿದಳು. ಗೌರೀಶ ಬನಿಯನ್ನಿನಲ್ಲೇ ಹೊರಬಂದ, ಇವನ ಕೈಯಲ್ಲಿ ಪಾನಾ ಕಂಡು ಕಕ್ಕಾಬಿಕ್ಕಿಯಾದ. "ಅಯ್ಯ ಸರ, ರಜಾ ದಿನ ಇದೇನ್ ತ್ರಾಸ ತಗೊಂಡ್ರಿ? ಕುಂದಗೋಳದಾಗ ಮೆಕ್ಯಾನಿಕ್ ಇಮಾಮುದ್ದೀನ ಕಾರ್ಬೊರೇಟರ್ ಬಿಚ್ಚಿ ತೊಳದಾನ. ಎರಡು ದಿನ ಬಿಸಿಲು ಬಿದ್ರ ತಾನಽ ಸರಿ ಹೋಗ್ತೈತಿ."

"ಕಾರ್ಬೊರೇಟರ್ ತೊಳದ ಮ್ಯಾಲ ಸರಿ ಹೋತೇನ್ರಿ?"

"ಆವತ್ತ ಸರಿ ಹೋಗಿತ್ತು. ಮುಂಜಾನೆ ಮತ್ತ ಅದಽ ಹಾಡು."

"ಮತ್ತ ನೋಡೂಣಲ್ರಿ. ನನ್ನ ಕೈಯಾಗ ಕೆಟ್ಟಿದ್ರ ನನ್ನ ಕೈಯಾಗ ಸರಿ ಆಗ್ಲಿ."

ಗೌರೀಶನ ಹೆಂಡತಿ ರೋಹಿಣಿ ಬಾಗಿಲಿಗೆ ಬಂದವಳು ಗಾಡಿಯನ್ನೂ ಹುಲಿಗೇಶನನ್ನೂ ಅತ್ತೆಯನ್ನೂ ಒಂದು ಸಲ ನೋಡಿ, ಮಾತಾಡಿಸದೆ ಒಳಗೆ ಹೋದಳು. ಹುಲಿಗೇಶನಿಗೆ ಅದು ವಿಚಿತ್ರವೆನಿಸಿತು, ಶಾಲೆಯ ಕಾರ್ಯಕ್ರಮದಲ್ಲಿ ಎದುರು ಬಂದು ನಗುವ ಹೆಣ್ಣುಮಗಳು ಆಕೆ. ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಒಂದೇ ಒಂದು ಸಂಗತಿ ಬೇಕಾಗಿತ್ತು: ತಾನು ಮಳೆಯಲ್ಲಿ ಓಡಿಸಿದ್ದರಿಂದ ಇದು ಕೆಟ್ಟಿಲ್ಲ ಎಂಬುದು ಕಣ್ಣಿಗೆ ಕಾಣಬೇಕು, ಗೌರೀಶನ ಕಣ್ಣಿಗೂ ಕಾಣಬೇಕು, ಅವನ ಬಾಯಿಂದಲೇ 'ನಿಮ್ಮ ತಪ್ಪಲ್ಲ' ಎಂಬ ಮಾತು ಬರಬೇಕು. ಅದಕ್ಕಿಂತ ಹೆಚ್ಚು ಏನೂ ಬೇಡವಾಗಿತ್ತು. ಕಾರ್ಬೊರೇಟರಿನ ಕೆಳಗಿನ ತಿರುಪು ಸಡಿಲಿಸಿ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಿಟ್ಟು ಬೆಳಕಿಗೆ ಹಿಡಿದ. ಪೆಟ್ರೋಲಿನಲ್ಲಿ ನೀರಿದ್ದರೆ ತಳದಲ್ಲಿ ಗುಳ್ಳೆ ಗುಳ್ಳೆಯಾಗಿ ಕೂತಿರುತ್ತದೆ. ಇರಲಿಲ್ಲ. "ನೋಡ್ರಿ, ಪೆಟ್ರೋಲಿನ್ಯಾಗ ನೀರಿಲ್ಲ" ಎಂದ, ಹತ್ತನೇ ಕ್ಲಾಸಿಗೆ ಹೇಳುವ ದನಿಯಲ್ಲಿ. ಗೌರೀಶ ಹೂಂಗುಟ್ಟಿದ. ಪಕ್ಕದ ಡಬ್ಬಿ ಬಿಚ್ಚಿ ಏರ್ ಫಿಲ್ಟರ್ ತೆಗೆದು ಹಿಂಡಿದ. ಒಣಗಿತ್ತು, ಧೂಳು ಬಿಟ್ಟರೆ ಏನೂ ಇಲ್ಲ. "ಇಲ್ಲೂ ನೀರಿಲ್ಲ." ಒಂದೊಂದು 'ಇಲ್ಲ'ಕ್ಕೂ ಎದೆ ಒಂದೊಂದು ಬೆರಳು ಹಗುರಾಗುತ್ತಿತ್ತು. ಇಂಜಿನ್ನಿನ ರೆಕ್ಕೆಗಳ ಸಂದಿಯಲ್ಲಿ ಒಂದು ಹುಲ್ಲಿನ ಎಸಳು ಸಿಕ್ಕಿಕೊಂಡು ಒಣಗಿತ್ತು, ಅದನ್ನು ಕಿತ್ತು ಪಕ್ಕಕ್ಕೆ ಒಗೆದ. ಪ್ಲಗ್ಗಿನ ಮೇಲಿನ ರಬ್ಬರಿನ ಕ್ಯಾಪ್ ಎಳೆದು, ಪಾನಾ ಹಚ್ಚಿ ಪ್ಲಗ್ ಬಿಚ್ಚಿದ. ತುದಿ ಕರಿಹಿಡಿದು ಪೆಟ್ರೋಲಿನಲ್ಲಿ ತೊಯ್ದಿತ್ತು; ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಬನಿಯನ್ನಿನಿಂದ ಒರೆಸಿ, ಕ್ಯಾಪನ್ನು ಹಾಗೇ ಸಿಕ್ಕಿಸಿ, ಪ್ಲಗ್ಗನ್ನು ಇಂಜಿನ್ನಿನ ಮೈಗೆ ತಾಗಿಸಿ ಇಟ್ಟು, ಚೀಲ ಅಡ್ಡ ಹಿಡಿದು ನೆರಳು ಮಾಡಿ, "ಕಿಕ್ ಹೊಡೀರಿ" ಎಂದ. ಗೌರೀಶ ಹೊಡೆದ. ಪ್ಲಗ್ಗಿನ ತುದಿಯಲ್ಲಿ ಕಿಡಿ ಮಿಣುಕ್ ಎಂದು ಸತ್ತಿತು. ಆದರೆ ಕ್ಯಾಪಿನ ಒಳಗೆ ಟಿಕ್ ಟಿಕ್ ಎಂದು ಸದ್ದಾಯಿತು, ರಬ್ಬರಿನ ಅಂಚಿನಲ್ಲಿ ನೀಲಿ ಬೆಳಕು ಹರಿದಾಡಿತು. ಕರೆಂಟು ತುದಿಗೆ ಹೋಗುವ ಮೊದಲೇ ಅಡ್ಡದಾರಿ ಹಿಡಿದು ಸೋರಿಹೋಗುತ್ತಿತ್ತು. "ಸಿಕ್ತು!" ಎಂದು ಹುಲಿಗೇಶ ಕೂಗಿಯೇಬಿಟ್ಟ. ಗೌರೀಶನೂ ಬಗ್ಗಿ ನೋಡಿದ.

ಕ್ಯಾಪನ್ನು ವೈರಿನಿಂದ ತಿರುವಿ ಬಿಡಿಸಿ, ಬಾಯಿ ಕೆಳಗೆ ಮಾಡಿ ಅಂಗೈಗೆ ಬಡಿದ. ಎರಡು ಹನಿ ಬಿದ್ದವು. ಹಳದಿ. ಮಳೆಯ ನೀರು ಹಳದಿ ಇರುತ್ತದೆಯೆ ಎಂದುಕೊಳ್ಳುವಷ್ಟರಲ್ಲಿ ವಾಸನೆ ಬಂತು. ಬುಧವಾರದ ವಾಸನೆ. ಕ್ಯಾಪಿನ ಒಳಗೆ ಬೆರಳು ಹಾಕಿ ಕೆರೆದ, ಉಗುರಿನ ಸಂದಿಯಲ್ಲಿ ಉಪ್ಪಿನಂಥ ಬಿಳಿ ಹಕ್ಕಳೆ, ಅದರ ಮೇಲೆ ಅರಿಷಿಣ. ಹುಲಿಗೇಶ ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ತಾನು ಒಗೆದ ಹುಲ್ಲಿನ ಎಸಳನ್ನು ಹುಡುಕಿ ಎತ್ತಿಕೊಂಡ. ಕರಕಿ, ಗರಿಕೆ ಹುಲ್ಲು. ಬುಡದಲ್ಲಿ ಹಳದಿ. ಟಾರು ರಸ್ತೆಯ ಮೇಲೆ ಓಡಿದ ಗಾಡಿಯೊಳಗೆ ಕರಕಿ ಎಲ್ಲಿಂದ ಬಂತು? ಸತ್ತವರ ಮನೆಯಲ್ಲಿ, ಹಡೆದವರ ಮನೆಯಲ್ಲಿ, ಮುಟ್ಟಬಾರದ್ದು ಮುಟ್ಟಿದ ಮನೆಯಲ್ಲಿ ಅರಿಷಿಣ ಕಲಿಸಿದ ಗೋಮೂತ್ರವನ್ನು ಕರಕಿಯಲ್ಲಿ ಅದ್ದಿ ಚಿಮುಕಿಸುತ್ತಾರೆ. ಇಲ್ಲಿ ಚಿಮುಕಿಸಿ ಸಮಾಧಾನವಾಗಿಲ್ಲ. ಚಿಮುಕಿಸಿದ ಹನಿ ರಬ್ಬರಿನೊಳಗೆ ಇಳಿಯುವುದಿಲ್ಲ. ಇದು ಪೆಟ್ರೋಲ್ ಟಾಕಿಯ ಮೇಲಿಂದ, ಸೀಟಿನ ಮೇಲಿಂದ, ತಂಬಿಗೆಗಟ್ಟಲೆ ಸುರಿದದ್ದು. ವೈರ್ ಹಿಡಿದು ಇಳಿದು ಕ್ಯಾಪಿನಲ್ಲಿ ತುಂಬಿಕೊಂಡದ್ದು. ಮಳೆಯ ನೀರಾಗಿದ್ದರೆ ಇಂಜಿನ್ನಿನ ಕಾವಿಗೆ ಅವತ್ತೇ ಒಣಗಿ ಹೋಗುತ್ತಿತ್ತು. ಮಳೆಯ ನೀರಿನಲ್ಲಿ ಕರೆಂಟು ಹರಿಯುವುದೇ ಕಷ್ಟ ಎಂದು ಪ್ರತಿ ವರ್ಷ ಗ್ಲಾಸಿನಲ್ಲಿ ಎರಡು ವೈರು ಅದ್ದಿ, ಬಲ್ಬ್ ಹತ್ತದೆ ಇರುವುದನ್ನು ಮಕ್ಕಳಿಗೆ ತೋರಿಸುವವನು ಅವನೇ. ಅದೇ ಗ್ಲಾಸಿಗೆ ಉಪ್ಪು ಹಾಕಿದರೆ ಬಲ್ಬ್ ಹತ್ತುತ್ತದೆ, ಮಕ್ಕಳು ಹೋ ಎನ್ನುತ್ತಾರೆ. ಮೂತ್ರ ಉಪ್ಪು. ಒಣಗಿದರೂ ಉಪ್ಪು ಉಳಿಯುತ್ತದೆ, ದಿನಾ ಮುಂಜಾನೆಯ ತಂಪಿಗೆ ಪಸೆಯಾಗುತ್ತದೆ, ದಿನಾ ಗಾಡಿ ಕೆಮ್ಮುತ್ತದೆ. ಲೆಕ್ಕ ಎಲ್ಲ ಸರಿಹೋಯಿತು. ಜೋಳ ಹಸನು ಮಾಡುವ ಕೈ ಹಸಿ ಹೇಗಿರುತ್ತದೆ ಎಂಬುದೂ ಈಗ ಹೊಳೆಯಿತು. ಹಸಿ ಕೈಯಲ್ಲಿ ಯಾರಾದರೂ ಜೋಳ ಮುಟ್ಟುತ್ತಾರೆಯೆ? ಎಂಥ ಪೆದ್ದ ನಾನು! ತನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡವನು, ಸೋಪು ಹಚ್ಚಿ ತಿಕ್ಕಿಕೊಂಡವನು! ನಾರುತ್ತಿದ್ದದ್ದು ಅವರು ಸುರಿದ ಪವಿತ್ರ, ತೊಳೆದುಕೊಂಡದ್ದು ಇವನು. ಹುಲಿಗೇಶ ಕ್ಯಾಪನ್ನು ಎತ್ತಿ ಗೌರೀಶನ ಮೂಗಿನ ಹತ್ತಿರ ಹಿಡಿದ.

ಗೌರೀಶ ಮೂಸಲಿಲ್ಲ. ಮೂಸುವ ಅಗತ್ಯವಿಲ್ಲದವನ ಹಾಗೆ ಮೊದಲು ಬಾಗಿಲ ಕಡೆ, ಆಮೇಲೆ ಕಟ್ಟೆಯ ಕಡೆ ನೋಡಿದ. ಅವನು ಕನ್ನಡ ಪಾಠ ಮಾಡುವವನು. ಮನುಷ್ಯರಲ್ಲಿ ಮೇಲು ಕೀಳು ಇಲ್ಲ ಎಂಬ ಪಾಠ ಬಂದರೆ ಅವನ ದನಿ ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡುವ ಹುಲಿಗೇಶನಿಗೂ ಕೇಳಿಸುತ್ತಿತ್ತು, ಎಷ್ಟೋ ಸಲ ಹುಲಿಗೇಶ ಸೀಮೆಸುಣ್ಣ ಕೆಳಗಿಟ್ಟು ಅದನ್ನು ಕೇಳಿ ಖುಷಿಪಟ್ಟಿದ್ದ. ಈಗ ಆ ದನಿ ಹುಡುಕಿದರೂ ಸಿಗಲಿಲ್ಲ.

"ಗೋಮೂತ್ರ ಅಷ್ಟಽ ಸರ," ಎಂದ ಗೌರೀಶ ಮೆಲ್ಲಗೆ. "ಅವ್ವಂದು ಹಳೇ ಕಾಲದ್ದು. ಆಕಿಗೆ ಮನಸಿನ್ಯಾಗ ಏನೂ ಇಲ್ರಿ. ಸುಮ್ನ ಒಂದು ಪದ್ಧತಿ. ಇರಲಿ ಬಿಡ್ರಿ."

ಮುದುಕಿಯನ್ನು ಹುಲಿಗೇಶ ಹೇಗೋ ನುಂಗಿಕೊಳ್ಳಬಹುದಿತ್ತು. ಅಂಥ ಮುದುಕಿಯರನ್ನು ಅವನ ಅವ್ವ, ಅವನ ಅಜ್ಜಿ ನುಂಗಿಕೊಂಡೇ ಬದುಕಿದ್ದರು. ಗಂಟಲಿಗೆ ಅಡ್ಡ ನಿಂತದ್ದು ಬೇರೆ.

"ನಿಮಗ ಗೊತ್ತಿತ್ತೇನ್ರಿ?"

ಗೌರೀಶನ ಕಣ್ಣಲ್ಲಿ ನೀರು ಬಂದಂತಿತ್ತು, ಅದನ್ನು ಕಂಡು ಹುಲಿಗೇಶನಿಗೆ ಒಂದು ಕ್ಷಣ ಆಸೆಯೂ ಆಯಿತು. ಇಲ್ರಿ ಅನ್ನು, ಸುಳ್ಳಾದರೂ ಅನ್ನು, ನಂಬುತ್ತೇನೆ ಎಂದು ಒಳಗೇ ಬೇಡಿಕೊಂಡ.

"ಗಾಡಿಗೆ ಹಿಂಗಾಗ್ತೈತಿ ಅನ್ನೂದು ಗೊತ್ತಿರಲಿಲ್ರಿ ಸರ," ಎಂದ ಗೌರೀಶ.

ಗಾಡಿಗೆ! ಹುಲಿಗೇಶನಿಗೆ ನಗು ಬಂದಂತಾಯಿತು, ಬರಲಿ ಎಂದು ಬಾಯಿ ತೆರೆದರೆ ಬರಲಿಲ್ಲ. ಅಂದರೆ ಶನಿವಾರ ಸ್ನಾನ ಮಾಡಿ ಹೊರಬಂದವನು ತೊಯ್ದ ಗಾಡಿ ನೋಡಿದ್ದಾನೆ, ಸೀಟು ಒರೆಸಿಕೊಂಡು ಹತ್ತಿದ್ದಾನೆ. ಸೋಮವಾರ ಎಲ್ಲರೂ ನೀರು ಹೊಕ್ಕಾವ ನೀರು ಹೊಕ್ಕಾವ ಎನ್ನುವಾಗ, ಹೊಕ್ಕದ್ದು ಮಳೆಯ ನೀರೇ ಎಂದು ತಾನೂ ನಂಬಿ, ತನ್ನ ಮನೆಯ ತಂಬಿಗೆಯನ್ನು ಮರೆತು, ದೊಡ್ಡ ಮನಸ್ಸಿನಿಂದ ಇವನನ್ನು ಕ್ಷಮಿಸಿದ್ದಾನೆ. ಕ್ಷಮಿಸಿ ಪುಂಡಿಪಲ್ಲೆ ತಿಂದಿದ್ದಾನೆ. ಆ ಪುಂಡಿಪಲ್ಲೆಗಾಗಿ ಹುಲಿಗೇಶ ಎಷ್ಟು ವರ್ಷ ಅವನಿಗೆ ಒಳಗೊಳಗೇ ಋಣಿಯಾಗಿದ್ದ! ನನ್ನ ಅವ್ವ ಮಾಡಿದ ಪಲ್ಲೆ ಇನ್ನೊಬ್ಬ ತಿಂದರೆ ನಾನೇಕೆ ಋಣಿಯಾಗಬೇಕು ಎಂಬ ಪ್ರಶ್ನೆ ಇಷ್ಟು ದಿನ ಏಕೆ ಹುಟ್ಟಲಿಲ್ಲ ಎಂದು ಅವನಿಗೆ ತನ್ನ ಮೇಲೂ ರೇಗಿತು.

ಅವನು ಕೆಲಸ ಮುಗಿಸಿದ. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಬಿಚ್ಚಿದ್ದನ್ನು ಹಾಗೇ ಬಿಟ್ಟು ಹೋದರೆ ನಾಳೆ ಅದಕ್ಕೂ ಒಂದು 'ಇರಲಿ ಬಿಡ್ರಿ' ಹುಟ್ಟುತ್ತದೆ. ಕ್ಯಾಪಿನ ಒಳಗಿನ ಹಕ್ಕಳೆಯನ್ನು ಪೂರ್ತಿ ಕೆರೆದು, ಬಾಟಲಿಯ ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ಆರಿಸಿದ. ಪ್ಲಗ್ ಬಿಗಿದ, ಕ್ಯಾಪ್ ಒತ್ತಿದ. ಪೆಟ್ರೋಲ್ ವಾಸನೆ ಹೋಗುವವರೆಗೆ ತಡೆದು, ಗೌರೀಶನನ್ನು ಕೇಳದೆ ತಾನೇ ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ತಡವರಿಕೆಯಿಲ್ಲ, ಕೆಮ್ಮಿಲ್ಲ, ಶನಿವಾರ ಮುಂಜಾನೆ ತಂದು ನಿಲ್ಲಿಸಿದಾಗ ಇದ್ದ ಅದೇ ಸದ್ದು. ಯಾವ ಸದ್ದಿಗಾಗಿ ವಾರವಿಡೀ ನಿದ್ದೆಗೆಟ್ಟಿದ್ದನೋ ಅದು ಕಿವಿ ತುಂಬ ಕೇಳುತ್ತಿತ್ತು, ಸಂತೋಷ ಮಾತ್ರ ಎಲ್ಲೂ ಇರಲಿಲ್ಲ. ರೇವವ್ವ ಕಟ್ಟೆಯಿಂದ ಇಳಿದು ಬಂದು, ಸ್ವಲ್ಪ ದೂರದಲ್ಲಿ ನಿಂತು, ನಿಜವಾಗಿಯೂ ಖುಷಿಯಾದಳು. "ಚಲೋ ಆತೇನಪಾ? ನಿನ್ನ ಕೈಗುಣ ದೊಡ್ಡದು ನೋಡ್!"

ಹುಲಿಗೇಶ ಗಾಡಿ ಬಂದ್ ಮಾಡಿದ. ಅವಳು ಬೆಚ್ಚಲಿ, ನಾಚಲಿ, ಭೂಮಿಗಿಳಿದು ಹೋಗಲಿ ಎಂದು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ: "ಅವ್ವಾರ, ಇಲ್ಲಿ ನೋಡ್ರಿ. ಈ ಕರೀ ರಬ್ಬರ್ ಐತಲ್ರಿ, ಮುಂದಿನ ಸಲ ನಾ ಗಾಡಿ ಮುಟ್ಟಿದ ಮ್ಯಾಲ ನೀವು ತೊಳೀವಾಗ, ಇದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿ ತೊಳೀರಿ. ಇದರಾಗ ನಿಮ್ಮ ಗೋಮೂತ್ರ ಹೋದ್ರ ಗಾಡಿ ನಡಿಯೂದಿಲ್ಲ."

ಗೌರೀಶ ಮುಖ ಮುಚ್ಚಿಕೊಂಡ. ರೇವವ್ವ ಮಾತ್ರ ಬಗ್ಗಿ, ಕಣ್ಣು ಕಿರಿದು ಮಾಡಿ, ಅವನು ತೋರಿಸಿದ ಜಾಗವನ್ನು ಗಮನವಿಟ್ಟು ನೋಡಿದಳು. ಹೊಲಿಗೆಯ ಹೊಸ ನಮೂನೆ ಹೇಳಿಕೊಟ್ಟರೆ ಹೆಣ್ಣುಮಕ್ಕಳು ನೋಡುತ್ತಾರಲ್ಲ ಹಾಗೆ.

"ಹಾಲಿನ ಪಾಕೀಟಿನ ಚೀಲ ನಡೀತೈತೇನಪಾ?" ಎಂದು ಕೇಳಿದಳು.

"ಅವ್ವಾ!" ಎಂದು ಕಿರುಚಿದ ಗೌರೀಶ. ಏನು ತಪ್ಪಾಯಿತೆಂದು ತಿಳಿಯದೆ ಮುದುಕಿ ಮಗನ ಮುಖ, ಮಾಸ್ತರನ ಮುಖ ನೋಡಿದಳು. ಹುಲಿಗೇಶ ಅಷ್ಟು ಹೊತ್ತು ಕೂಡಿಸಿಟ್ಟ ಸಿಟ್ಟನ್ನೆಲ್ಲ ಎಸೆದರೆ ಅದು ಯಾರಿಗೂ ತಾಗದೆ ಅಂಗಳದಲ್ಲಿ ಬಿತ್ತು. ಪಾನಾ ಬನಿಯನ್ನಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ರೋಹಿಣಿ ಒಳಗಿನಿಂದ ಒಂದು ಬಕೀಟು ನೀರು ತಂದು, ಕೈ ತೊಳೆಯಲೆಂದು, ಅವನ ಕಾಲ ಬುಡದಲ್ಲಿ ಇಟ್ಟಳು, ತಲೆ ಎತ್ತದೆ. ಅವನು ಕೈ ತೊಳೆಯದೆ ಹೊರಟ.

ಗೌರೀಶ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ರಸ್ತೆಯವರೆಗೆ ಓಡಿಬಂದ. "ಕುಂದಗೋಳಕ್ಕ ಬಿಟ್ಟು ಬರ್ತೀನಿ, ಗಾಡಿ ತರ್ತೀನ್ರಿ ಸರ" ಅಂದ. ಬ್ಯಾಡ್ರಿ, ಎಂದ ಹುಲಿಗೇಶ. ಇಬ್ಬರೂ ನಿಂತರು. ದೂರದಲ್ಲಿ ಬಸ್ಸು ಕಾಣಿಸಿತು. "ನಾಳೆ ಸ್ಟಾಫ್ ರೂಮಿನ್ಯಾಗ ನಾನಽ ಹೇಳ್ತೀನ್ರಿ. ಹೆಡ್ ಮಾಸ್ತರ ಮುಂದ, ಎಲ್ಲಾರ ಮುಂದ. ಹುಲಿಗೇಶ ಸರದ್ದು ಏನೂ ತಪ್ಪಿಲ್ಲ, ನೀರು ಹೊಕ್ಕಿದ್ವು, ಅವರಽ ತಗದ್ರು ಅಂತ ಹೇಳ್ತೀನಿ." ಬೇಕಾಗಿದ್ದ ಮಾತು ಇದೇ. ಇದೇ ಮಾತು ಆ ಬಾಯಿಂದ ಬರಲಿ ಎಂದೇ ಮುಂಜಾನೆ ಎದ್ದು ಬಂದದ್ದು.

"ಯಾವ ನೀರು ಅಂತ ಹೇಳ್ತೀರಿ?"

ಗೌರೀಶ ರಸ್ತೆಯ ಡಾಂಬರನ್ನು ನೋಡಿದ. ಬಸ್ಸು ಬಂದು ನಿಂತಿತು. "ಅಷ್ಟೆಲ್ಲಾ ಯಾಕ್ರಿ ಸರ," ಎಂದ, ಬೇಡುವ ದನಿಯಲ್ಲಿ. "ಇರಲಿ ಬಿಡ್ರಿ."

"ಯಾಕ ಇರಬೇಕ್ರಿ?"

ತನ್ನ ದನಿ ಅಷ್ಟು ದೊಡ್ಡದೆಂದು ಹುಲಿಗೇಶನಿಗೇ ಗೊತ್ತಿರಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಹೊರಳಿದವು. ಯಾವಾಗಲೂ ಹಾಗಾದಾಗ ದನಿ ತಗ್ಗಿಸುವವನು ಇವತ್ತು ತಗ್ಗಿಸಲಿಲ್ಲ, ಹತ್ತಿ ಹೋಗಿ ಟವೆಲ್ ಸುತ್ತಿಕೊಂಡ, ಮುಖಪರಿಚಯದ ಒಬ್ಬ ಹಿರಿಯನ ಪಕ್ಕ ಕೂತ. ಆತ ಇವನ ಕೈ ನೋಡಿದ. ಬೆರಳಿಗೆ ಗ್ರೀಸಿನ ಕಪ್ಪು, ಉಗುರಿಗೆ ಹಳದಿ.

"ಗಾಡಿ ಕೆಟ್ಟಿತ್ತೇನ್ರಿ ಮಾಸ್ತರ?"

"ಹೌದ್ರಿ."

"ನೀರು ಹೊಕ್ಕಿರಬೇಕು. ಈ ಮಳ್ಯಾಗ ಮತ್ತೇನಾಗ್ತೈತಿ ಬಿಡ್ರಿ."

ಟಿಕೆಟ್ ಕೊಡಲು ಬಂದ ಕಂಡಕ್ಟರ್ ಕಂಬಕ್ಕೆ ಒರಗಿ ನಿಂತಿದ್ದಳು. ಮುಂದಿನ ಸೀಟಿನ ಇಬ್ಬರು ಹೆಣ್ಣುಮಕ್ಕಳು ಕಿವಿ ನಿಮಿರಿಸಿ ಹಿಂತಿರುಗಿ ಕೂತಿದ್ದರು. ಕಿಟಕಿಯ ಕೆಳಗೆ ಗೌರೀಶ ಇನ್ನೂ ನಿಂತೇ ಇದ್ದ. ಹುಲಿಗೇಶ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಬಿಚ್ಚಿಟ್ಟ.

"ನೀರಲ್ರಿ ಯಜಮಾನ್ರ," ಎಂದ. "ಆಕಳ ಉಚ್ಚಿ ಹೊಕ್ಕಿತ್ತು. ಹೆಂಗ ಹೊಕ್ಕಿತು ಹೇಳ್ತೀನಿ, ಕೇಳ್ರಿ."